ಒಳಗೆ ಮೊದಲೇ ಲೆನ್ಸ್ ಇರುವ ಕಣ್ಣಿಗೆ ಪೊರೆ ಬಂದಾಗ

ಕಳೆದ ಮಳೆಗಾಲದಲ್ಲಿ ಒಂದು ದಿನ ತೀರ್ಥಹಳ್ಳಿ ಕಡೆಯ ಪ್ರೌಢಶಾಲಾ ಅಧ್ಯಾಪಕಿಯೊಬ್ಬರು ಮೊದಲ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ನಾನು ಕಣ್ಣಿನ ಅಳತೆ ತೆಗೆಯುವ ಕೋಣೆಯಲ್ಲಿ ಕುಳಿತರು. ವಯಸ್ಸು 46. ಬಲಗಣ್ಣಿಗೆ ಮಂಜು ಕವಿದಂತಿದೆ, ಸಂಜೆ ಎದುರು ಬರುವ ಬೈಕಿನ ದೀಪ ಒಡೆದು ಚೆಲ್ಲಿದಂತೆ ಕಾಣುತ್ತದೆ, ಕಪ್ಪುಹಲಗೆಯ ಮೇಲೆ ತಾವೇ ಬರೆದದ್ದನ್ನು ತರಗತಿಯ ಹಿಂಬದಿಯಿಂದ ಓದಲಾಗುವುದಿಲ್ಲ ಎಂಬುದು ಅವರ ದೂರು. ಸ್ಲಿಟ್ ಲ್ಯಾಂಪಿನಲ್ಲಿ ನೋಡಿದೊಡನೆ ಪೊರೆ ಕಂಡಿತು. ಪೊರೆಯ ಮುಂದೆ, ಪಾಪೆಯ ಹಿಂದೆ, ಗಾಜಿನಂತೆ ತಿಳಿಯಾದ ಇನ್ನೊಂದು ತೆಳು ಹಾಳೆಯೂ ಕಂಡಿತು. ವಿಚಾರಿಸಿದಾಗ, ಮದುವೆಗೆ ಮೊದಲು, 27ನೆಯ ವಯಸ್ಸಿನಲ್ಲಿ, ಮೈನಸ್ 13 ನಂಬರಿನ ಕನ್ನಡಕ ಬಿಡಿಸಲೆಂದು ಬೆಂಗಳೂರಿನಲ್ಲಿ ಎರಡೂ ಕಣ್ಣಿಗೆ ‘ಒಳಗಿನ ಲೆನ್ಸ್’ ಹಾಕಿಸಿದ್ದಾಗಿ ಹೇಳಿದರು. ಹೆಣ್ಣು ನೋಡಲು ಬಂದವರು ಸೋಡಾಬುಡ್ಡಿ ಕನ್ನಡಕವನ್ನೇ ನೋಡಿಕೊಂಡು ಹೋಗುತ್ತಿದ್ದ ಕಾಲವದು. ನಮ್ಮ ಮಲೆನಾಡಿನಲ್ಲಿ ಆ ಕಾರಣಕ್ಕೇ ಕಣ್ಣಿಗೆ ಲೆನ್ಸ್ ಹಾಕಿಸಿಕೊಂಡ ಹೆಣ್ಣುಮಕ್ಕಳು ಒಬ್ಬಿಬ್ಬರಲ್ಲ.

“ಲೇಸರ್ ಬಿಟ್ಟರೆ ಆ ಹಳೇ ಲೆನ್ಸೂ ಈ ಪೊರೆಯೂ ಒಟ್ಟಿಗೇ ಕರಗಿ ಹೋಗ್ತದಂತಲ್ಲ ಸಾರ್?” ಎಂದು ಅವರು ಕೇಳಿದರು.

ಎರಡೂ ಕರಗುವುದಿಲ್ಲ. ಆದರೆ ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಇಲ್ಲವೆಂದು ಹೇಳಿ ಕಳಿಸುವಂತೆಯೂ ಇರಲಿಲ್ಲ, ಏಕೆಂದರೆ ಇಂತಹ ಕಣ್ಣಿನಲ್ಲಿ ಲೇಸರ್ ಏನು ಮಾಡಬಲ್ಲದು, ಎಲ್ಲಿ ತಡವರಿಸುತ್ತದೆ ಎಂಬುದು ಸಾಮಾನ್ಯ ಪೊರೆಯ ಕಥೆಗಿಂತ ಬೇರೆಯೇ ಆಗಿದೆ. ಶಸ್ತ್ರಕ್ರಿಯೆ ಮಾಡುವವನು ನಾನಲ್ಲ, ಅದಕ್ಕೆ ಮೊದಲು ಕಣ್ಣನ್ನು ಅಳೆಯುವವನು. ಆದ್ದರಿಂದ ಈ ಬರಹದಲ್ಲಿ ಅಳತೆಯ ಮಾತು ಸ್ವಲ್ಪ ಹೆಚ್ಚೇ ಬಂದರೆ ಓದುಗರು ಸಹಿಸಿಕೊಳ್ಳಬೇಕು.

ನಮ್ಮ ಕಣ್ಣಿನ ಪಾಪೆಯ ಹಿಂದೆ ಹುಟ್ಟಿನಿಂದಲೇ ಒಂದು ಮಸೂರವಿರುತ್ತದೆ. ಸುಮಾರು 9ರಿಂದ 10 ಮಿಲಿಮೀಟರ್ ಅಗಲದ, 4 ಮಿಲಿಮೀಟರ್ ದಪ್ಪದ ಈ ಮಸೂರವನ್ನು ತೆಳುವಾದ ಚೀಲವೊಂದು ಸುತ್ತಲೂ ಹೊದ್ದುಕೊಂಡಿರುತ್ತದೆ. ಆ ಚೀಲವನ್ನು ನೂರಾರು ಸೂಕ್ಷ್ಮ ಎಳೆಗಳು ಕಣ್ಣಿನ ಗೋಡೆಗೆ ತೂಗುಹಾಕಿ ಹಿಡಿದಿರುತ್ತವೆ. ವಯಸ್ಸಾದಂತೆ ಮಸೂರ ಮಸುಕಾಗುವುದಕ್ಕೇ ಪೊರೆ ಎನ್ನುತ್ತೇವೆ. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪದರ, ಅದನ್ನು ಸುಲಿದು ತೆಗೆಯುತ್ತಾರೆ ಎಂಬ ಕಲ್ಪನೆ ಆ ಶಬ್ದದಿಂದಲೇ ಹುಟ್ಟಿದ್ದು. ನಿಜದಲ್ಲಿ ಮಸುಕಾಗಿರುವುದು ಒಳಗಿನ ಮಸೂರವೇ, ತೆಗೆಯುವುದೂ ಅದನ್ನೇ. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಮಸೂರವನ್ನು ತೆಗೆದ ಮೇಲೆ ಅದರ ಜಾಗ ಖಾಲಿಯಾಗಿಯೇ ಉಳಿಯುತ್ತಿತ್ತು, ಆ ಕೊರತೆಯನ್ನು ತುಂಬಲು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿಯೇ ಕಣ್ಣಿನೊಳಗೆ ಕೃತಕ ಮಸೂರ ಇರಿಸಿದ್ದರೂ ಅದು ನಮ್ಮ ಜಿಲ್ಲೆಗಳ ಸಾಮಾನ್ಯ ರೋಗಿಗೆ ದಕ್ಕಲು ದಶಕಗಳೇ ಬೇಕಾದವು.

ಅಧ್ಯಾಪಕಿಯವರ ಕಣ್ಣಿನಲ್ಲಿದ್ದದ್ದು ಆ ಬಗೆಯ ಲೆನ್ಸ್ ಅಲ್ಲ. ಪೊರೆಗೆ ಹಾಕುವ ಲೆನ್ಸ್ ಹುಟ್ಟು ಮಸೂರದ ಬದಲಿಗೆ ಬರುತ್ತದೆ. ಇದು ಹುಟ್ಟು ಮಸೂರವನ್ನು ಹಾಗೆಯೇ ಉಳಿಸಿ, ಅದರ ಮುಂದೆ ಇನ್ನೊಂದಾಗಿ ಕೂರುತ್ತದೆ. ಕನ್ನಡಕವನ್ನೇ ತೆಳುಮಾಡಿ ಕಣ್ಣಿನೊಳಗೆ ಇಟ್ಟಂತೆ. ವೈದ್ಯರು ಇದನ್ನು ಫೇಕಿಕ್ ಲೆನ್ಸ್ ಎನ್ನುತ್ತಾರೆ. ಮೈನಸ್ ನಂಬರ್ ತೀರ ಹೆಚ್ಚಿದ್ದವರಿಗೆ ಲೇಸರಿನಿಂದ ನಂಬರ್ ಇಳಿಸುವ ಲ್ಯಾಸಿಕ್ ಮಾಡಬೇಕೆಂದರೆ ಕಣ್ಣಿನ ಮುಂಬದಿಯ ತಿಳಿಯಾದ ಪದರವಾದ ಕಾರ್ನಿಯಾವನ್ನು ಅಪಾಯವಾಗುವಷ್ಟು ತೆಳುಮಾಡಬೇಕಾಗುವುದರಿಂದ, ಅಂಥವರಿಗೆ ಈ ದಾರಿ ಒದಗಿಬಂತು. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು ಪಾಪೆಯ ಸುತ್ತಲಿನ ಬಣ್ಣದ ಪದರವಾದ ಐರಿಸ್ಸಿನ ಮುಂದೆ, ಐರಿಸ್ಸನ್ನೇ ಏಡಿಯ ಕೊಂಡಿಯಂತೆ ಕಚ್ಚಿ ಹಿಡಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಲೆನ್ಸ್. ಡಚ್ ವೈದ್ಯ ಯಾನ್ ವೋರ್ಸ್ಟ್ ರೂಪಿಸಿದ ಇದು ಆರ್ಟಿಸಾನ್ ಎಂಬ ಹೆಸರಿನಲ್ಲಿ ಬಂತು. ಇನ್ನೊಂದು ಐರಿಸ್ಸಿನ ಹಿಂದೆ, ಹುಟ್ಟು ಮಸೂರದ ಮುಂದೆ, ಕಮಾನಿನಂತೆ ಬಾಗಿ ನಿಲ್ಲುವ ಮೆತ್ತನೆಯ ಐಸಿಎಲ್, ಅಂದರೆ ಇಂಪ್ಲಾಂಟಬಲ್ ಕಾಲಮರ್ ಲೆನ್ಸ್. ನಮ್ಮ ಕಡೆ ಕಾಣಸಿಗುವುದು ಬಹುಪಾಲು ಈ ಎರಡನೆಯದೇ. ಕೊಲಾಜನ್ ಸೇರಿಸಿ ತಯಾರಿಸಿದ, ಮಡಚಬಹುದಾದ, ಕಾಲಮರ್ ಎಂಬ ವಸ್ತುವಿನಿಂದ ಇದನ್ನು ಮಾಡುತ್ತಾರೆ.

ಐಸಿಎಲ್‌ನ ಹಿಂಬದಿಗೂ ಹುಟ್ಟು ಮಸೂರದ ಮುಂಬದಿಗೂ ನಡುವೆ ಒಂದು ತೆರಪು ಇರಬೇಕು. ಇದಕ್ಕೆ ವಾಲ್ಟ್ ಎಂದು ಹೆಸರು. ಸಾಮಾನ್ಯವಾಗಿ 250ರಿಂದ 750 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರ್, ಇದ್ದರೆ ಒಳ್ಳೆಯದೆಂದು ಎಣಿಸುತ್ತಾರೆ. ತೆರಪು ತೀರ ಹೆಚ್ಚಾದರೆ ಲೆನ್ಸ್ ಐರಿಸ್ಸನ್ನು ಮುಂದಕ್ಕೆ ತಳ್ಳಿ ಕಣ್ಣಿನೊಳಗಿನ ನೀರು ಹರಿದುಹೋಗುವ ದಾರಿಯನ್ನು ಕಿರಿದುಮಾಡುತ್ತದೆ. ತೀರ ಕಡಿಮೆಯಾದರೆ ಲೆನ್ಸ್ ಮಸೂರಕ್ಕೆ ತಾಗುವಷ್ಟು ಹತ್ತಿರವಾಗಿ, ಅಲ್ಲಿ ನೀರಿನ ಓಡಾಟ ಕುಂದಿ, ಮಸೂರದ ಮುಂಭಾಗದಲ್ಲಿಯೇ ಪೊರೆ ಶುರುವಾಗುತ್ತದೆ. ಇದಲ್ಲದೆ, ಮೈನಸ್ ನಂಬರ್ ಹೆಚ್ಚಿದ್ದವರಿಗೆ ಐಸಿಎಲ್ ಹಾಕಿಸಿರಲಿ ಬಿಡಲಿ, ಮಸೂರದ ನಡುತಿರುಳು ಬೇಗ ಗಟ್ಟಿಯಾಗುವ ಪೊರೆ ಉಳಿದವರಿಗಿಂತ ಮೊದಲೇ ಬರುವ ಸಂಭವ ಹೆಚ್ಚು. ಆದ್ದರಿಂದ 46ಕ್ಕೇ ಪೊರೆ ಬಂದದ್ದಕ್ಕೆ ಲೆನ್ಸನ್ನೇ ದೂರಬೇಕೋ ಉದ್ದದ ಕಣ್ಣನ್ನೇ ದೂರಬೇಕೋ ಎಂಬುದು, ಮಸುಕು ಮಸೂರದ ಯಾವ ಭಾಗದಲ್ಲಿದೆ ಎಂದು ನೋಡಿದ ಮೇಲಷ್ಟೇ ಹೇಳಬಹುದಾದ ಮಾತು. ಇವರಲ್ಲಿ ಅದು ಮುಂಭಾಗದಲ್ಲಿತ್ತು, ವಾಲ್ಟ್ ತೀರ ಕಡಿಮೆಯಿತ್ತು.

ಇನ್ನು ಲೇಸರಿನ ವಿಷಯ. ಲೇಸರ್ ಎಂಬ ಒಂದೇ ಮಾತಿನಡಿ ಕಣ್ಣಿನ ಆಸ್ಪತ್ರೆಯಲ್ಲಿ ಕಡಿಮೆಯೆಂದರೂ ನಾಲ್ಕು ಬೇರೆ ಬೇರೆ ಯಂತ್ರಗಳು ಓಡಾಡುತ್ತವೆ, ಜನರ ಗೊಂದಲಕ್ಕೆ ಅರ್ಧ ಕಾರಣ ಇದೇ. ನಂಬರ್ ಇಳಿಸಲು ಕಾರ್ನಿಯಾವನ್ನು ಉಜ್ಜುವ ಲ್ಯಾಸಿಕ್ಕಿನ ಲೇಸರ್ ಒಂದು. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾಕ್ಕೆ ಬಿಡುವ ಹಸಿರು ಲೇಸರ್ ಇನ್ನೊಂದು. ಪೊರೆ ತೆಗೆಸಿ ಕೆಲವು ವರ್ಷಗಳಾದ ಮೇಲೆ ಹಿಂದಿನ ಚೀಲ ಮಸುಕಾದಾಗ ಅದರಲ್ಲಿ ಕಿಂಡಿ ತೆರೆಯುವ ಯಾಗ್ ಲೇಸರ್ ಮೂರನೆಯದು. ‘ಪೊರೆಗೆ ಲೇಸರ್ ಹೊಡೆಸಿಕೊಂಡು ಐದು ನಿಮಿಷದಲ್ಲಿ ಮನೆಗೆ ಬಂದೆ’ ಎಂದು ಯಾರಾದರೂ ಹೇಳಿದರೆ ಅದು ಸಾಮಾನ್ಯವಾಗಿ ಇದೇ. ನಾವೀಗ ಮಾತಾಡುತ್ತಿರುವುದು ನಾಲ್ಕನೆಯದಾದ ಫೆಮ್ಟೊಸೆಕೆಂಡ್ ಲೇಸರ್. ಪೊರೆಯ ಶಸ್ತ್ರಕ್ರಿಯೆಗೆ ಇದನ್ನು ಮೊದಲು ಬಳಸಿದವರು ಹಂಗೆರಿಯ ಬುಡಾಪೆಸ್ಟಿನ ಜೋಲ್ತಾನ್ ನಾಗಿ, 2008ರಲ್ಲಿ.

ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಸಿಗುವ ಕಾಲಾವಧಿಯೇ ಒಂದು ಫೆಮ್ಟೊಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ ಒಂದು ಮೈಕ್ರಾನಿನ ಮೂರನೆಯ ಒಂದು ಭಾಗದಷ್ಟೂ ದಾಟಲಾರದು. ಇಂತಹ ಕೆಲವು ನೂರು ಫೆಮ್ಟೊಸೆಕೆಂಡುಗಳ ಮಿಡಿತವನ್ನು ಒಂದು ಬಿಂದುವಿನಲ್ಲಿ ಕೇಂದ್ರೀಕರಿಸಿದಾಗ, ಆ ಬಿಂದುವಿನ ಅಂಗಾಂಶ ಮಾತ್ರ ಸಿಡಿದು ಒಂದು ಸಣ್ಣ ಗುಳ್ಳೆಯಾಗುತ್ತದೆ. ಅದರ ಮುಂದಿರುವ, ಹಿಂದಿರುವ ತಿಳಿಯಾದ ಪದರಗಳನ್ನು ಕಣ್ಣಿಗೆ ಕಾಣದ ಈ ಅವಕೆಂಪು ಬೆಳಕು ಸುಡದೆ ಹಾದುಹೋಗುತ್ತದೆ. ಹೀಗೆ ಸಾವಿರಾರು ಗುಳ್ಳೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ಕತ್ತರಿಕೆ. ಕರಗಿಸುವ ಮಾತೇ ಇಲ್ಲಿಲ್ಲ. ಯಂತ್ರ ಮಾಡುವುದು ಮುಖ್ಯವಾಗಿ ಮೂರು ಕೆಲಸ: ಕಾರ್ನಿಯಾದ ಅಂಚಿನಲ್ಲಿ ಉಪಕರಣ ಒಳಗೆ ಹೋಗುವಂತೆ ಸಣ್ಣ ಗಾಯ ಮಾಡುವುದು, ಮಸೂರದ ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡು ಬಾಯಿ ಕತ್ತರಿಸುವುದು, ಒಳಗಿನ ಗಟ್ಟಿ ಮಸೂರಕ್ಕೆ ಹೋಳುಗಳ ಗೆರೆ ಹಾಕುವುದು. ಆಮೇಲೆ ರೋಗಿಯನ್ನು ಆಪರೇಷನ್ ಕೋಣೆಗೆ ಕರೆದೊಯ್ದು, ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಕಂಡುಹಿಡಿದ ಫೇಕೋ ವಿಧಾನದಿಂದಲೇ, ಅಂದರೆ ಶ್ರವಣಾತೀತ ಕಂಪನದ ಸೂಜಿಯಿಂದ, ವೈದ್ಯರು ಹೋಳುಗಳನ್ನು ನುಚ್ಚುಮಾಡಿ ಹೀರಿ ತೆಗೆಯುತ್ತಾರೆ. ಹೊಸ ಲೆನ್ಸ್ ಕೂರಿಸುವುದೂ ಅವರ ಕೈಯೇ.

ಮೂರರಲ್ಲಿ ಚೀಲದ ಬಾಯಿ ಕತ್ತರಿಸುವುದೇ ಹೆಚ್ಚು ನಾಜೂಕಿನದು. ಹಲಸಿನ ಬೀಜವನ್ನು ಬೇಯಿಸಿದ ಮೇಲೆ ಅದಕ್ಕೆ ಅಂಟಿರುವ ತೆಳು ಸಿಪ್ಪೆಯನ್ನು ಎಲ್ಲಿಯೂ ಅಂಚಿಗೆ ಹರಿದುಹೋಗದಂತೆ ನಡುವಿನಲ್ಲಿ ಮಾತ್ರ ದುಂಡಗೆ ಬಿಡಿಸಬೇಕೆಂದು ಊಹಿಸಿಕೊಳ್ಳಿ. ಚೀಲದ ಮುಂಭಾಗದ ದಪ್ಪ ಸುಮಾರು 14 ಮೈಕ್ರಾನ್ ಮಾತ್ರ, ತಲೆಗೂದಲಿನ ದಪ್ಪದ ಒಂದು ಪಾಲು. ಅನುಭವಿ ವೈದ್ಯರು ಇದನ್ನು ಕೈಯಿಂದಲೇ ಅಂದವಾಗಿ ಮಾಡುತ್ತಾರೆ. ಲೇಸರ್ ಅದನ್ನು ಕೈವಾರದಲ್ಲಿ ಎಳೆದ ವೃತ್ತದಂತೆ ಮಾಡುತ್ತದೆ.

ಈಗ ಇದೇ ಯಂತ್ರವನ್ನು ಐಸಿಎಲ್ ಇರುವ ಕಣ್ಣಿನ ಮೇಲೆ ಇಡೋಣ. ಯಂತ್ರ ಮೊದಲು ಕಣ್ಣಿಗೆ ಹೀರುಬಳೆಯೊಂದನ್ನು ಕಚ್ಚಿಸಿ ಅಲುಗಾಡದಂತೆ ಹಿಡಿಯುತ್ತದೆ, ಬಳಿಕ ಒಸಿಟಿ ಅಥವಾ ಅಂತಹುದೇ ಕ್ಯಾಮೆರಾದಿಂದ ಕಣ್ಣಿನ ಅಡ್ಡಸೀಳಿನ ಚಿತ್ರ ತೆಗೆಯುತ್ತದೆ. ಆ ಚಿತ್ರದಲ್ಲಿ ಗೆರೆಗಳು ಕಾಣುತ್ತವೆ: ಕಾರ್ನಿಯಾದ ಮುಂದು, ಕಾರ್ನಿಯಾದ ಹಿಂದು, ಮಸೂರದ ಮುಂದು, ಮಸೂರದ ಹಿಂದು. ಯಂತ್ರದ ತಂತ್ರಾಂಶಕ್ಕೆ ಕಲಿಸಿರುವುದು ಈ ನಾಲ್ಕನ್ನು ಗುರುತಿಸಲು. ಐಸಿಎಲ್ ಇದ್ದಾಗ ಇನ್ನೆರಡು ಗೆರೆ ನಡುವೆ ಬಂದು ನಿಲ್ಲುತ್ತವೆ, ಆ ಲೆನ್ಸಿನ ಮುಂದು ಮತ್ತು ಹಿಂದು. ಕಾರ್ನಿಯಾ ದಾಟಿದ ಮೇಲೆ ಸಿಗುವ ಮೊದಲ ಬಾಗುಗೆರೆಯೇ ಮಸೂರದ ಚೀಲವೆಂದು ಯಂತ್ರ ತಿಳಿದುಕೊಂಡರೆ, ಕತ್ತರಿಕೆಯ ಆಳವೆಲ್ಲ ಮೇಲಕ್ಕೆ ಸರಿಯುತ್ತದೆ. ಲೇಸರ್ ಚೀಲವನ್ನು ಮುಟ್ಟದೆ ಐಸಿಎಲ್‌ನ ಮೇಲೋ, ನಡುವಿನ ನೀರಿನಲ್ಲೋ ವೃತ್ತ ಬರೆದು ಮುಗಿಸುತ್ತದೆ. ಇದಕ್ಕಾಗಿಯೇ ವೈದ್ಯರು ಯಂತ್ರ ತೋರಿಸಿದ ಗೆರೆಯನ್ನು ಒಪ್ಪಿ ಮುಂದುವರಿಯದೆ, ಪರದೆಯ ಮೇಲೆ ಗೆರೆಗಳನ್ನು ಒಂದೊಂದಾಗಿ ಎಣಿಸಿ, ಚೀಲದ ಗುರುತನ್ನು ತಮ್ಮ ಕೈಯಿಂದಲೇ ಸರಿಯಾದ ಗೆರೆಯ ಮೇಲೆ ತಂದಿಡಬೇಕಾಗುತ್ತದೆ. ಯಂತ್ರವೇ ಎಲ್ಲವನ್ನೂ ನೋಡಿಕೊಳ್ಳುತ್ತದೆಂದು ನಂಬಿ ಬಂದ ರೋಗಿಗೆ ತಿಳಿಯದ ಸಂಗತಿ ಇದು: ಒಳಗೆ ಮೊದಲೇ ಲೆನ್ಸ್ ಇರುವ ಕಣ್ಣಿನಲ್ಲಿ ಯಂತ್ರಕ್ಕೆ ವೈದ್ಯರ ಆಸರೆ ಎಂದಿಗಿಂತ ಹೆಚ್ಚು ಬೇಕು.

ಎರಡನೆಯ ತೊಡಕು ಗುಳ್ಳೆಗಳದು. ಲೇಸರಿನ ಪ್ರತಿ ಕತ್ತರಿಕೆಯೂ ಗಾಳಿಗುಳ್ಳೆ ಬಿಡುತ್ತದೆ. ರೋಗಿ ಅಂಗಾತ ಮಲಗಿರುವುದರಿಂದ ಗುಳ್ಳೆ ಮೇಲಕ್ಕೆ, ಅಂದರೆ ಕಾರ್ನಿಯಾದ ಕಡೆಗೆ ಏರಬೇಕು. ಸಾಮಾನ್ಯ ಕಣ್ಣಿನಲ್ಲಿ ಹಾಗೆಯೇ ಏರಿ ದಾರಿ ಬಿಡುತ್ತವೆ. ಐಸಿಎಲ್ ಇರುವ ಕಣ್ಣಿನಲ್ಲಿ ಅವು ಅದರ ಕಮಾನಿನಡಿ ಸಿಕ್ಕಿ ನಿಲ್ಲುತ್ತವೆ. ಅಡಿಕೆ ಬೇಯಿಸುವ ಕೊಟ್ಟಿಗೆಯಲ್ಲಿ ಹೊಗೆ ಹೆಂಚಿನಡಿ ಕಟ್ಟಿಕೊಂಡು, ಮೇಲಿನ ಗಳು ಕಾಣದಂತಾಗುವುದನ್ನು ನಮ್ಮವರೆಲ್ಲ ನೋಡಿದ್ದೇವೆ. ಹಾಗೆಯೇ ಗುಳ್ಳೆಗಳ ತೆರೆ ನಂತರದ ಮಿಡಿತಗಳನ್ನು ಚದುರಿಸಿ, ಅದರಡಿಯ ಕತ್ತರಿಕೆ ಅರ್ಧಂಬರ್ಧವಾಗಬಹುದು. ಚೀಲದ ಬಾಯಿ ಕತ್ತರಿಸುವಾಗ ಲೇಸರ್ ಕೆಳಗಿನಿಂದ ಮೇಲಕ್ಕೆ ಬರುವುದೂ ಇದೇ ಕಾರಣಕ್ಕೆ, ಆಗತಾನೆ ಎದ್ದ ಗುಳ್ಳೆ ಮುಂದಿನ ಮಿಡಿತಕ್ಕೆ ಅಡ್ಡವಾಗಬಾರದೆಂದು. ಜಪಾನಿನ ಕಿಮಿಯಾ ಶಿಮಿಜು ಅವರ ಯೋಚನೆಯಂತೆ ಬಂದ ಹೊಸ ಐಸಿಎಲ್‌ಗಳ ನಡುವಿನಲ್ಲಿ 0.36 ಮಿಲಿಮೀಟರಿನ ಒಂದು ರಂಧ್ರವಿದೆ. ಅದನ್ನು ಇಟ್ಟದ್ದು ಕಣ್ಣಿನೊಳಗಿನ ನೀರು ಸರಾಗವಾಗಿ ಹರಿಯಲೆಂದು. ಗವಾಕ್ಷಿಯಂತೆ ಗುಳ್ಳೆಗೂ ಒಂದು ದಾರಿಯಾಗಬಹುದಾದದ್ದು ಅದರ ಬಳುವಳಿ. ಅಧ್ಯಾಪಕಿಯವರದು ರಂಧ್ರವಿಲ್ಲದ ಹಳೆಯ ಮಾದರಿ. ಅಂಥವರಿಗೆ ನೀರಿನ ಹರಿವಿಗಾಗಿ ಐರಿಸ್ಸಿನ ಅಂಚಿನಲ್ಲಿ ಸಣ್ಣ ಕಿಂಡಿ ಕೊರೆದಿರುತ್ತಾರೆ, ಅದು ಗುಳ್ಳೆಗಳ ಉಪಯೋಗಕ್ಕೆ ಬರುವುದಿಲ್ಲ.

ಮೂರನೆಯದು ವಾಲ್ಟಿನ ವಿಷಯ. ಲೇಸರಿನ ವೃತ್ತ ಕಾಗದದ ಮೇಲಿನ ವೃತ್ತದಂತೆ ಚಪ್ಪಟೆಯಲ್ಲ, ಗಿಡ್ಡ ಕೊಳವೆಯಂತೆ ಎತ್ತರವುಳ್ಳದ್ದು. ಕಣ್ಣು ಒಂದಿಷ್ಟು ವಾಲಿದ್ದರೂ ಚೀಲ ತಪ್ಪದೆ ಕತ್ತರಿಸಲೆಂದು, ಚೀಲಕ್ಕಿಂತ ಕೆಲವು ನೂರು ಮೈಕ್ರಾನ್ ಕೆಳಗೆ ಶುರುವಾಗಿ ಕೆಲವು ನೂರು ಮೈಕ್ರಾನ್ ಮೇಲೆ ಮುಗಿಯುತ್ತದೆ. ವಾಲ್ಟ್ 600 ಮೈಕ್ರಾನ್ ಇದ್ದರೆ ಆ ಕೊಳವೆಗೆ ನಡುವಿನ ನೀರಿನಲ್ಲಿಯೇ ಜಾಗ ಸಿಗುತ್ತದೆ. 100 ಮೈಕ್ರಾನ್ ಇದ್ದರೆ ಕೊಳವೆಯ ಮೇಲ್ತುದಿ ಐಸಿಎಲ್‌ಗೆ ಬಡಿಯುತ್ತದೆ; ಹೇಗೂ ತೆಗೆದುಹಾಕುವ ಲೆನ್ಸ್ ಆದ್ದರಿಂದ ಅದರ ಮೇಲೆ ಗುರುತು ಬಿದ್ದರೆ ನಷ್ಟವಿಲ್ಲವಾದರೂ, ಗುಳ್ಳೆಗಳಿಗೆ ಜಾಗವಿಲ್ಲದೆ ಕತ್ತರಿಕೆ ಕೆಡುತ್ತದೆ. ಎಲ್ಲಿ ಲೆನ್ಸ್ ತೀರ ಹತ್ತಿರ ಕುಳಿತು ಪೊರೆ ಬರಿಸಿತೋ, ಅಲ್ಲಿಯೇ ಅದು ಲೇಸರಿನ ದಾರಿಗೂ ಅಡ್ಡ ನಿಲ್ಲುತ್ತದೆ. ಐಸಿಎಲ್‌ನಿಂದಾಗಿಯೇ ಪೊರೆ ಬಂದ ಕಣ್ಣು, ಲೇಸರಿಗೆ ಎಲ್ಲಕ್ಕಿಂತ ಒಗ್ಗದ ಕಣ್ಣಾಗಿರುವ ಸಂಭವವೇ ಹೆಚ್ಚು ಎಂಬುದು ಈ ಇಡೀ ವಿಷಯದಲ್ಲಿ ನನಗೆ ವಿಚಿತ್ರವೆನಿಸುವ ಮಾತು, ಇದನ್ನು ರೋಗಿಗೆ ಬಿಡಿಸಿ ಹೇಳುವವರು ಕಡಿಮೆ.

ಹಾಗಾದರೆ ಹಳೆಯ ಲೆನ್ಸನ್ನು ಮೊದಲೇ ತೆಗೆದು ಆಮೇಲೆ ಲೇಸರ್ ಮಾಡಬಾರದೇ? ಕೇಳುವವರಿದ್ದಾರೆ. ಲೆನ್ಸ್ ತೆಗೆಯಬೇಕಾದರೆ ಕಣ್ಣಿನಲ್ಲಿ ಸುಮಾರು 3 ಮಿಲಿಮೀಟರಿನ ಗಾಯ ಮಾಡಬೇಕು. ಹಾಗೆ ಗಾಯವಾದ ಕಣ್ಣಿಗೆ ಹೀರುಬಳೆ ಕಚ್ಚಿಸಿ ಒತ್ತಿದರೆ ಒಳಗಿನ ನೀರು ಸೋರಿ, ಕಾರ್ನಿಯಾಕ್ಕೂ ಐರಿಸ್ಸಿಗೂ ನಡುವಿನ ಮುಂಗೋಣೆ ಕುಸಿಯುತ್ತದೆ. ಆದ್ದರಿಂದ ಲೇಸರ್ ಬಳಸುವುದಾದರೆ ಹಳೆಯ ಲೆನ್ಸ್ ಒಳಗಿದ್ದಂತೆಯೇ, ಅದರ ಮೂಲಕವೇ ಬಳಸಬೇಕು. ಅದಾದ ಮೇಲೆ ಆಪರೇಷನ್ ಕೋಣೆಯಲ್ಲಿ ಐಸಿಎಲ್‌ನ ಮೇಲೂ ಕೆಳಗೂ ರಕ್ಷಣೆಯ ಜೆಲ್ ತುಂಬಿ, ಲೆನ್ಸನ್ನು ಮೆಲ್ಲಗೆ ಗಾಯದಿಂದ ಎಳೆದು ತೆಗೆಯುತ್ತಾರೆ. ಮೆತ್ತಗಿರುವುದರಿಂದ ಅದು ತಾನೇ ಮಡಚಿಕೊಂಡು ಬರುತ್ತದೆ. ಆಮೇಲೆ ಚೀಲದ ಬಾಯಿ ಪೂರ್ತಿ ಬಿಟ್ಟುಕೊಂಡಿದೆಯೇ ಎಂದು ನೀಲಿ ಬಣ್ಣ ಹಾಕಿ ನೋಡಬೇಕಾಗಬಹುದು. ಒಂದು ಕಡೆ ಸಣ್ಣ ಎಳೆಯಷ್ಟು ಅಂಟಿಕೊಂಡಿದ್ದರೂ, ಎಲ್ಲ ಬಿಟ್ಟಿದೆಯೆಂದು ತಿಳಿದು ಎಳೆದರೆ, ಹರಕು ಅಂಚಿಗೆ ಓಡಿ ಹಿಂದಿನ ಚೀಲದವರೆಗೆ ಹೋಗಬಹುದು. ನಂತರ ಫೇಕೋ, ನಂತರ ಹೊಸ ಲೆನ್ಸ್. ಒಂದೇ ಬಾರಿಗೆ ಎರಡು ಮಸೂರ ತೆಗೆಯುವ ಈ ಶಸ್ತ್ರಕ್ರಿಯೆಗೆ ವೈದ್ಯರು ಬೈಲೆನ್ಸೆಕ್ಟಮಿ ಎನ್ನುತ್ತಾರೆ. ಲೇಸರ್ ಇಲ್ಲದೆಯೂ ಇದನ್ನು ಚೆನ್ನಾಗಿ ಮಾಡಬಹುದು, ಬಹುಪಾಲು ನಡೆಯುವುದೂ ಹಾಗೆಯೇ.

ಐರಿಸ್ಸನ್ನು ಕಚ್ಚಿದ ಗಟ್ಟಿ ಲೆನ್ಸ್ ಇದ್ದರೆ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಅದು ಮಡಚುವುದಿಲ್ಲ, ಹೊರಗೆ ಬರಲು 5ರಿಂದ 6 ಮಿಲಿಮೀಟರಿನ ಗಾಯ ಬೇಕು. ಅಷ್ಟು ದೊಡ್ಡ ಗಾಯವನ್ನು ಕಾರ್ನಿಯಾದಲ್ಲಿ ಮಾಡಿ ಹೊಲಿಗೆ ಹಾಕುವುದಕ್ಕಿಂತ, ಬಿಳಿಗುಡ್ಡೆಯಲ್ಲಿ ಸುರಂಗದಂತಹ ಗಾಯ ಮಾಡುವುದು ಮೇಲು. ನಮ್ಮ ಶಿಬಿರಗಳಲ್ಲಿ ದಿನಾ ನಡೆಯುವ, ಎಸ್‌ಐಸಿಎಸ್ ಎಂಬ ಹೊಲಿಗೆಯಿಲ್ಲದ ಕೈ ಶಸ್ತ್ರಕ್ರಿಯೆಯ ಸುರಂಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದೇ ದಾರಿಯಲ್ಲಿ ಹಳೆಯ ಲೆನ್ಸೂ ಬರುತ್ತದೆ, ಗಟ್ಟಿ ಮಸೂರವೂ ಬರುತ್ತದೆ. ಬಡವರ ಆಪರೇಷನ್ ಎಂದು ಮೂಗು ಮುರಿಯುವವರಿಗೆ ಇದನ್ನು ಹೇಳಬೇಕೆನಿಸುತ್ತದೆ. ಅಂತಹ ಲೆನ್ಸ್ ಇರುವವರಲ್ಲಿ ಇನ್ನೊಂದು ಎಚ್ಚರವೂ ಬೇಕು. ಕಾರ್ನಿಯಾದ ಒಳಮೈಯಲ್ಲಿ ಅದನ್ನು ತಿಳಿಯಾಗಿಡುವ ಕೋಶಗಳ ಒಂದು ಸಾಲು ಇದೆ. ದೊಡ್ಡವರಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 2,000ದಿಂದ 3,000 ಇರುವ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಲೆನ್ಸ್ ಕಾರ್ನಿಯಾಕ್ಕೆ ಹತ್ತಿರವಾದಷ್ಟೂ ಇವು ವರ್ಷದಿಂದ ವರ್ಷಕ್ಕೆ ಬೇಗ ಕಡಿಮೆಯಾಗಬಹುದು. ಹೀಗಾಗಿ ಫೇಕಿಕ್ ಲೆನ್ಸ್ ಯಾವ ಬಗೆಯದೇ ಇರಲಿ, ಪೊರೆ ತೆಗೆಯುವ ಮೊದಲು ಸ್ಪೆಕ್ಯುಲರ್ ಮೈಕ್ರೋಸ್ಕೋಪಿನಲ್ಲಿ ಕೋಶ ಎಣಿಸದೆ ಮುಂದುವರಿಯುವುದು, ಅಣೆಕಟ್ಟಿನಲ್ಲಿ ನೀರೆಷ್ಟಿದೆ ಎಂದು ನೋಡದೆ ನಾಟಿ ಮಾಡಿದಂತೆ.

ಇನ್ನು ನನ್ನ ಪಾಲಿನ ಕೆಲಸ. ಹೊಸದಾಗಿ ಹಾಕುವ ಲೆನ್ಸಿನ ಪವರ್ ಎಷ್ಟಿರಬೇಕೆಂದು ಲೆಕ್ಕ ಹಾಕಲು ಕಾರ್ನಿಯಾದ ಬಾಗು ಮತ್ತು ಕಣ್ಣಿನ ಉದ್ದ ಮುಖ್ಯವಾಗಿ ಬೇಕು. ಸಾಮಾನ್ಯ ಕಣ್ಣು 23ರಿಂದ 24 ಮಿಲಿಮೀಟರ್ ಉದ್ದ. ಮೈನಸ್ ನಂಬರ್ ಹೆಚ್ಚಿರುವ ಕಣ್ಣು 26ನ್ನು ದಾಟಿ, ಕೆಲವೊಮ್ಮೆ 30ನ್ನೂ ಮೀರುತ್ತದೆ. ಇಲ್ಲಿ ಐಸಿಎಲ್ ಹಾಕಿಸಿಕೊಂಡವರಿಗೆ, ಲ್ಯಾಸಿಕ್ ಮಾಡಿಸಿಕೊಂಡವರಿಗಿಂತ ಒಂದು ಅನುಕೂಲವಿದೆ. ಲ್ಯಾಸಿಕ್ಕಿನಲ್ಲಿ ಕಾರ್ನಿಯಾದ ಆಕಾರವೇ ಬದಲಾಗಿರುವುದರಿಂದ ಅದರ ಬಾಗನ್ನು ನಮ್ಮ ಯಂತ್ರಗಳು ತಪ್ಪಾಗಿ ಓದುತ್ತವೆ. ಐಸಿಎಲ್ ಕಣ್ಣಿನ ಕಾರ್ನಿಯಾ ಬಹುಮಟ್ಟಿಗೆ ಹುಟ್ಟಿದಂತೆಯೇ ಇರುತ್ತದೆ. ಮೈನಸ್ ಐಸಿಎಲ್‌ನ ನಡುಭಾಗ ತೀರ ತೆಳುವಾದ್ದರಿಂದ ಕಣ್ಣಿನ ಉದ್ದದ ಅಳತೆಯೂ ಹೆಚ್ಚು ಕೆಡುವುದಿಲ್ಲ. ಕೆಡುವುದು ಇನ್ನೊಂದು ಕಡೆ. ಕಾರ್ನಿಯಾದಿಂದ ಮಸೂರಕ್ಕೆ ಎಷ್ಟು ದೂರ ಎಂದು ಅಳೆಯುವಾಗ, ಕಣ್ಣನ್ನು ಅಳೆಯುವ ನಮ್ಮ ಬಯೋಮೆಟ್ರಿ ಯಂತ್ರವೂ ಲೇಸರ್ ಯಂತ್ರದಂತೆಯೇ ಐಸಿಎಲ್‌ನ ಮುಂಬದಿಯನ್ನು ಮಸೂರವೆಂದು ತಿಳಿಯಬಹುದು. ಆ ದೂರವನ್ನು ಬಳಸುವ ಸೂತ್ರಗಳಲ್ಲಿ ತಪ್ಪು ಅಂಕಿ ಹೊಕ್ಕರೆ, ಅಚ್ಚಾಗಿ ಬಂದ ಹಾಳೆ ಎಷ್ಟೇ ಅಂದವಾಗಿದ್ದರೂ ಪವರ್ ತಪ್ಪುತ್ತದೆ. ಆದ್ದರಿಂದ ಅಂಕಿಯನ್ನಷ್ಟೇ ಬರೆದುಕೊಳ್ಳದೆ, ಯಂತ್ರ ತೆಗೆದ ಚಿತ್ರದಲ್ಲಿ ಗುರುತುಗಳು ಯಾವ ಗೆರೆಯ ಮೇಲೆ ಕುಳಿತಿವೆ ಎಂದು ಕಣ್ಣಾರೆ ನೋಡಬೇಕು. ನಾನು ಕೆಲಸ ಕಲಿತ ಹೊಸತರಲ್ಲಿ ಒಮ್ಮೆ ಹಾಗೆ ನೋಡದೆ ಹಾಳೆಯನ್ನು ಕೊಟ್ಟುಬಿಟ್ಟಿದ್ದೆ. ಹಿರಿಯರೊಬ್ಬರ ಕಣ್ಣಿಗೆ ಬಿದ್ದು ತಪ್ಪು ಅಲ್ಲಿಯೇ ನಿಂತಿತು, ಇಲ್ಲದಿದ್ದರೆ ಅನುಭವಿಸುವವರು ರೋಗಿ.

ಉದ್ದದ ಕಣ್ಣುಗಳಲ್ಲಿ ಹಳೆಯ ಸೂತ್ರಗಳು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಕಡಿಮೆ ಪವರ್ ಸೂಚಿಸಿ, ರೋಗಿಯನ್ನು ಪ್ಲಸ್ ನಂಬರಿನಲ್ಲಿ ಬಿಡುತ್ತಿದ್ದವು. ಬ್ಯಾರೆಟ್‌ನಂತಹ ಹೊಸ ಸೂತ್ರಗಳಲ್ಲಿ ಈ ದೋಷ ಬಹಳಷ್ಟು ಇಳಿದಿದೆ, ಆದರೂ ಅನುಭವಿಗಳು ಸ್ವಲ್ಪ ಮೈನಸ್ ಕಡೆಗೇ ಗುರಿ ಇಡುತ್ತಾರೆ. ಜೀವಮಾನವಿಡೀ ಹತ್ತಿರದ ಅಕ್ಷರವನ್ನು ಬರಿಗಣ್ಣಿನಲ್ಲಿ ಓದಿದ ರೂಢಿಯಿರುವವರಿಗೆ ಪ್ಲಸ್ ನಂಬರ್ ಉಳಿದರೆ ದೂರವೂ ಇಲ್ಲ, ಹತ್ತಿರವೂ ಇಲ್ಲ ಎಂಬಂತಾಗುತ್ತದೆ. ಕೆಲವರಿಗೆ ಲೆಕ್ಕ ಹಾಕಿದಾಗ ಬೇಕಾದ ಪವರ್ ಸೊನ್ನೆಯ ಹತ್ತಿರ ಬರುವುದುಂಟು. ಆಗಲೂ ಲೆನ್ಸ್ ಹಾಕದೆ ಬಿಡುವುದಿಲ್ಲ, ಏಕೆಂದರೆ ಕಣ್ಣಿನ ಹಿಂಬದಿಯ ಲೋಳೆ ಮುಂದಕ್ಕೆ ಬರದಂತೆ ತಡೆಯುವ ಕದದ ಕೆಲಸವನ್ನೂ ಅದು ಮಾಡುತ್ತದೆ.

ಶಸ್ತ್ರಕ್ರಿಯೆಗೆ ಮೊದಲು ರೆಟಿನಾವನ್ನು ಪಾಪೆ ಹಿಗ್ಗಿಸಿ ಅಂಚಿನವರೆಗೆ ನೋಡಲೇಬೇಕು. ಉದ್ದದ ಕಣ್ಣಿನಲ್ಲಿ ರೆಟಿನಾ ಎಳೆದು ತೆಳುವಾಗಿರುತ್ತದೆ, ಪೊರೆ ತೆಗೆದ ಮೇಲೆ ಅದು ಕಳಚುವ ಅಪಾಯ ಸಾಮಾನ್ಯರಿಗಿಂತ ಹೆಚ್ಚು. ಆಪರೇಷನ್ ಆಗಿ ತಿಂಗಳುಗಳೇ ಕಳೆದಿದ್ದರೂ ಕಣ್ಣೊಳಗೆ ಮಿಂಚು ಹೊಡೆದಂತೆ, ಇದ್ದಕ್ಕಿದ್ದಂತೆ ಕಪ್ಪು ನೊಣಗಳು ಹಾರಿದಂತೆ, ಬದಿಯಿಂದ ಪರದೆ ಇಳಿದಂತೆ ಕಂಡರೆ ಅಡಿಕೆ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ ಎಂದು ಕಾಯದೆ ಅಂದೇ ಹೊರಡಬೇಕು. ಹೊಸನಗರದ ಒಳಹಳ್ಳಿಯವರಿಗೆ ಆಷಾಢದಲ್ಲಿ ಇದು ಎಷ್ಟು ಕಷ್ಟವೆಂದು ಬಲ್ಲೆ. ಆದುದರಿಂದಲೇ ದಿನ ಗೊತ್ತುಮಾಡುವಾಗ ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ನಾನು ಹೇಳುವುದುಂಟು.

ಲೇಸರಿಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕವೇ ಎಂಬ ಪ್ರಶ್ನೆ ಉಳಿಯುತ್ತದೆ. 2020ರಲ್ಲಿ ಎರಡು ದೊಡ್ಡ ಹೋಲಿಕೆಗಳ ಫಲ ಪ್ರಕಟವಾಯಿತು, ಒಂದು ಬ್ರಿಟನ್ನಿನಲ್ಲಿ 785 ಜನರ ಮೇಲೆ, ಇನ್ನೊಂದು ಫ್ರಾನ್ಸಿನ ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ. ಸಾಮಾನ್ಯ ಪೊರೆಗೆ ಲೇಸರ್ ನೆರವಿನ ಶಸ್ತ್ರಕ್ರಿಯೆ ಕೈಯಿಂದ ಮಾಡುವ ಫೇಕೋಗಿಂತ ಮೇಲೆಂದು ಎರಡರಲ್ಲಿಯೂ ಸಿದ್ಧವಾಗಲಿಲ್ಲ, ಖರ್ಚಿಗೆ ತಕ್ಕ ಲಾಭವೂ ಕಾಣಲಿಲ್ಲ. ಫೇಕಿಕ್ ಲೆನ್ಸ್ ಇರುವ ಕಣ್ಣುಗಳ ಬಗ್ಗೆಯಾದರೋ ಅಂತಹ ದೊಡ್ಡ ಹೋಲಿಕೆಗಳಿಲ್ಲ. ಬಿಡಿ ಬಿಡಿ ರೋಗಿಗಳ, ಸಣ್ಣ ಗುಂಪುಗಳ ವರದಿಗಳಷ್ಟೇ ಇವೆ. ಐಸಿಎಲ್‌ನ ಮೂಲಕವೇ ಲೇಸರ್ ಹಾಯಿಸಿ ಚೀಲದ ಬಾಯಿಯನ್ನು ಸರಿಯಾಗಿ ಕತ್ತರಿಸಬಹುದೆಂದು ಅವು ತೋರಿಸಿವೆ. ಸಾಧ್ಯ ಎಂಬುದು ಬೇರೆ, ಬೇಕೇ ಬೇಕು ಎಂಬುದು ಬೇರೆ. ವಾಲ್ಟ್ ಸಾಕಷ್ಟಿದ್ದು, ಪಾಪೆ ಚೆನ್ನಾಗಿ ಹಿಗ್ಗಿ, ಮಸೂರವನ್ನು ಹಿಡಿದ ಎಳೆಗಳು ಸಡಿಲವಾಗಿರುವ ಅನುಮಾನವಿದ್ದರೆ ಲೇಸರಿನ ನೆರವು ಯೋಚಿಸತಕ್ಕದ್ದೇ, ಏಕೆಂದರೆ ಅದು ಚೀಲವನ್ನು ಎಳೆಯದೆ ಕತ್ತರಿಸುತ್ತದೆ. ವಾಲ್ಟ್ ಇಲ್ಲದ ಕಣ್ಣಿನಲ್ಲಿ, ಐರಿಸ್ ಕಚ್ಚಿದ ಗಟ್ಟಿ ಲೆನ್ಸ್ ಇರುವ ಕಣ್ಣಿನಲ್ಲಿ, ಅದಕ್ಕೆ ದುಡ್ಡು ಸುರಿಯುವುದಕ್ಕಿಂತ ಇಂತಹ ಲೆನ್ಸುಗಳನ್ನು ಈ ಹಿಂದೆ ತೆಗೆದು ಅಭ್ಯಾಸವಿರುವ ಕೈಯನ್ನು ಹುಡುಕುವುದು ಲೇಸು ಎಂಬುದು ನನ್ನ ಅಭಿಪ್ರಾಯ. ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಲೇಸರ್ ಇದೆಯೇ’ ಎಂಬುದಲ್ಲ, ‘ಐಸಿಎಲ್ ತೆಗೆದು ಪೊರೆ ಆಪರೇಷನ್ ಎಷ್ಟು ಮಾಡಿದ್ದೀರಿ’ ಎಂಬುದು.

ಅಧ್ಯಾಪಕಿಯವರಿಗೆ ಲೆನ್ಸ್ ಹಾಕಿದಾಗ ಕೊಟ್ಟಿದ್ದ ಕಾರ್ಡು ಬೇಕೆಂದು ಹೇಳಿದ್ದೆ. ಅದರಲ್ಲಿ ಲೆನ್ಸಿನ ಮಾದರಿ, ಅಳತೆ, ಪವರ್ ಎಲ್ಲ ಇರುತ್ತದೆ. ಹಳೆಯ ನಂಬರಿನ ಚೀಟಿ ಸಿಕ್ಕರೆ ನಮ್ಮ ಲೆಕ್ಕವನ್ನು ತಾಳೆ ನೋಡಲು ಅದೂ ಬರುತ್ತದೆ. ಎರಡನೆಯ ಸಲ ಬಂದಾಗ ತವರಿನ ಅಟ್ಟದ ಮೇಲಿನ ಟ್ರಂಕಿನಿಂದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗಿದ್ದ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಬಲಗಣ್ಣಿನ ವಾಲ್ಟ್ ಅಳೆದು ನೋಡಿದ ವೈದ್ಯರು ಲೇಸರ್ ಬೇಡವೆಂದು ತೀರ್ಮಾನಿಸಿದರು. ಐಸಿಎಲ್ ತೆಗೆದು, ಕೈಯಿಂದಲೇ ಚೀಲ ಬಿಡಿಸಿ, ಫೇಕೋ ಮಾಡಿ, ಹೊಸ ಲೆನ್ಸ್ ಹಾಕಿದರು.

ಎಡಗಣ್ಣನ್ನೂ ಕೂಡಲೇ ಮಾಡಿಸಬೇಕೇ ಎಂದು ಅವರು ಕೇಳಿದರು. ಮೈನಸ್ 13ರ ಕನ್ನಡಕ ಹಾಕುವವರಾಗಿದ್ದರೆ, ಒಂದು ಕಣ್ಣು ಸರಿಯಾಗಿ ಇನ್ನೊಂದು ಹಾಗೆಯೇ ಉಳಿದಾಗ ಎರಡರ ನಡುವಿನ ಅಂತರಕ್ಕೆ ತಲೆ ತಿರುಗುವುದರಿಂದ ಬೇಗನೆ ಎರಡನೆಯದನ್ನೂ ಮಾಡಬೇಕಾಗುತ್ತಿತ್ತು. ಇವರ ಎಡಗಣ್ಣಿನ ನಂಬರನ್ನು ಅಲ್ಲಿರುವ ಐಸಿಎಲ್ ಈಗಲೂ ಸರಿದೂಗಿಸುತ್ತಿದೆ, ಮಸೂರವೂ ತಿಳಿಯಾಗಿದೆ, ವಾಲ್ಟ್ 400 ಮೈಕ್ರಾನಿನ ಆಸುಪಾಸಿದೆ. ವರ್ಷಕ್ಕೊಮ್ಮೆ ಬಂದು ವಾಲ್ಟ್, ಕೋಶಗಳ ಎಣಿಕೆ, ಕಣ್ಣಿನ ಒತ್ತಡ, ರೆಟಿನಾ ತೋರಿಸಿಕೊಂಡು ಹೋದರೆ ಸಾಕೆಂದು ಹೇಳಿ, ಕಾರ್ಡಿನ ಒಂದು ಪ್ರತಿಯನ್ನು ನಮ್ಮ ಕಡತದಲ್ಲಿ ಇರಿಸಿಕೊಂಡು, ಮೂಲವನ್ನು ಅವರಿಗೇ ಹಿಂದಿರುಗಿಸಿದೆ.